ಎಂಬತ್ತೆಂಟು ತಿರಸ್ಕೃತ ಬದಲಾವಣೆಗಳು

ನಾನು ಬರೆದ ಡೀಮನ್, ಅಂದರೆ ಕಂಪ್ಯೂಟರಿನಲ್ಲಿ ತೆರೆಮರೆಯಲ್ಲೇ ಓಡುವ ಪ್ರೋಗ್ರಾಂ, ಏನನ್ನೂ ಕಳೆದುಹಾಕುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ತೊಂಬತ್ತೈದರ ಆ ಫೆಬ್ರವರಿಯಲ್ಲಿ ಸೇತುವೆ ಕೆಳಗಿನವರೆಲ್ಲ ಸೇರಿ ಅದಕ್ಕೆ ಕಳ್ಳನ ಪಟ್ಟ ಕಟ್ಟಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀವು ಅನ್ನಬಹುದು. ಅನ್ನಿ. ಹದಿನಾಲ್ಕು ತಿಂಗಳು ಕೂತು ಬರೆದವಳು ನಾನು, ನನಗೆ ಅದು ಮುದ್ದೇ.

ಮಿಷಿಗನ್ ಎಂಬ ನಮ್ಮ ರಾಜ್ಯವನ್ನು ನೀರು ಎರಡು ತುಂಡು ಮಾಡಿದೆ. ನಡುವೆ ಐದು ಮೈಲಿಯ ಸೇತುವೆ. ಅದರ ದಕ್ಷಿಣಕ್ಕೆ ಇರುವವರನ್ನು ನಾವು ಸೇತುವೆ ಕೆಳಗಿನವರು ಎನ್ನುತ್ತೇವೆ, ಹೊಗಳಿಕೆಯಂತೂ ಅಲ್ಲ. ವಿಶ್ವವಿದ್ಯಾಲಯದ ಕೇಂದ್ರ ಅಲ್ಲಿದೆ, ತೀರ್ಮಾನಗಳೆಲ್ಲ ಅಲ್ಲೇ ಆಗುತ್ತವೆ. ನಮ್ಮದು ಉತ್ತರದ ಕ್ಯಾಂಪಸ್. ಇಲ್ಲಿ ಮೊದಲು ತಾಮ್ರದ ಗಣಿ ಇತ್ತು, ಈಗ ಹಿಮ ಇದೆ, ಗಣಿಗೆಂದು ಫಿನ್ಲೆಂಡಿನಿಂದ ಬಂದವರ ಊರಾದ್ದರಿಂದ ಅರ್ಧ ಊರಿನ ಮನೆತನದ ಹೆಸರು ‘ನೆನ್’ ಎಂದು ಮುಗಿಯುತ್ತದೆ. ನನ್ನದೂ ಹಾಗೆಯೇ, ಕಾರಿನಾ ಕೆಂಪ್ಪಾಯ್ನೆನ್.

ಐದು ಕ್ಯಾಂಪಸ್ಸಿನ ಮೂವತ್ತು ಸಾವಿರ ಜನರ ಹೆಸರು, ಕೋಣೆ, ಫೋನ್ ನಂಬರ್, ಮಿಂಚಂಚೆ ವಿಳಾಸ ಎಲ್ಲವೂ ಒಂದು ಡೈರೆಕ್ಟರಿಯಲ್ಲಿದ್ದವು. ಅದರ ಮೂಲ ದಕ್ಷಿಣದ ಸರ್ವರ್‌ನಲ್ಲಿ, ಒಂದು ಪ್ರತಿ ನಮ್ಮ ಸರ್ವರ್‌ನಲ್ಲಿ. ಪ್ರತಿ ಏಕೆ ಬೇಕು ಎಂದು ಕೇಳುವವರು ನಮ್ಮೂರಿನಲ್ಲಿ ಒಂದು ಚಳಿಗಾಲ ಕಳೆದಿರುವುದಿಲ್ಲ. ಗಾಳಿ ಎದ್ದರೆ ದಕ್ಷಿಣಕ್ಕೆ ಹೋಗುವ ಲೈನ್ ಎರಡು ದಿನ, ಮೂರು ದಿನ ಸತ್ತಿರುತ್ತದೆ. ಆಗ ನಮ್ಮ ಆರೋಗ್ಯ ಕೇಂದ್ರದ ನರ್ಸ್‌ಗೆ ಡಾಕ್ಟರ ಮನೆಯ ನಂಬರ್ ಬೇಕಾದರೆ ನಮ್ಮ ಪ್ರತಿಯೇ ಗತಿ.

ಮೊದಲು ದಿನಕ್ಕೊಮ್ಮೆ ಇಡೀ ಡೈರೆಕ್ಟರಿಯನ್ನೇ ಲೈನಿನಲ್ಲಿ ಕಳಿಸುತ್ತಿದ್ದರು. ನಮ್ಮ ಲೈನಿನ ವೇಗಕ್ಕೆ ಅದು ‘ಎಮ್’ ಅಕ್ಷರ ದಾಟುವುದರೊಳಗೆ ಮರುದಿನದ್ದು ಶುರುವಾಗುತ್ತಿತ್ತು. ನನ್ನ ಡೀಮನ್ ಆ ಹುಚ್ಚಾಟಕ್ಕೆ ಕೊನೆ ಹಾಡಿತು. ದಕ್ಷಿಣದಲ್ಲಿ ಯಾರದಾದರೂ ನಂಬರ್ ಬದಲಾದರೆ ಅಲ್ಲಿನ ಸರ್ವರ್ ಒಂದು ಉದ್ದನೆಯ ಫೈಲಿನ ಕೊನೆಗೆ ಆ ಬದಲಾವಣೆಯನ್ನು ಬರೆಯುತ್ತದೆ. ಡೀಮನ್ ಯಾರ ಕಣ್ಣಿಗೂ ಬೀಳದೆ ಹಿಂದೆ ಕೂತು ಆ ಫೈಲನ್ನು ಓದುತ್ತಿರುತ್ತದೆ, ಹೊಸದಾಗಿ ಬಂದಷ್ಟನ್ನೇ ತಂದು ನಮ್ಮ ಪ್ರತಿಗೆ ಮುಟ್ಟಿಸುತ್ತದೆ. ಲೈನ್ ಇಲ್ಲವೆಂದರೆ ಕಾಯುತ್ತದೆ. ಲೈನ್ ಬಂದ ಮೇಲೆ ನಿಂತಲ್ಲಿಂದಲೇ, ಅದೇ ಕ್ರಮದಲ್ಲಿ ಮುಂದುವರಿಸುತ್ತದೆ. ಪ್ರತಿಯು ಯಾವುದಾದರೂ ಬದಲಾವಣೆಯನ್ನು ಒಪ್ಪಲಾರೆ ಎಂದರೆ, ಕಾರಣದ ಸಮೇತ ಅದನ್ನು ಇನ್ನೊಂದು ಫೈಲಿನಲ್ಲಿ ಬರೆದಿಟ್ಟು ಮುಂದಿನದಕ್ಕೆ ಹೋಗುತ್ತದೆ. ಎಸೆಯುವುದಿಲ್ಲ. ಆ ಫೈಲಿಗೆ ತಿರಸ್ಕಾರದ ಫೈಲು ಎಂದು ಹೆಸರಿಟ್ಟಿದ್ದೆ.

ಹೀಗಿರುವಾಗ ಒಂದು ಸೋಮವಾರ ಗೆರಿಟ್ ಡೋರ್ನ್‌ಬೋಸ್‌ರ ಪತ್ರ ಬಂತು. ದಕ್ಷಿಣದಲ್ಲಿ ಡೈರೆಕ್ಟರಿಯ ಮುಖ್ಯಸ್ಥರು ಅವರು. ಮೂಲವನ್ನೂ ನಮ್ಮ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರಂತೆ, ನೂರ ನಲವತ್ತಮೂರು ಹೆಸರುಗಳ ವಿವರ ತಾಳೆಯಾಗಲಿಲ್ಲವಂತೆ. ಡೀಮನ್ ದಾರಿಯಲ್ಲಿ ಬದಲಾವಣೆಗಳನ್ನು ಕಳೆಯುತ್ತಿದೆ, ಆದ್ದರಿಂದ ಶುಕ್ರವಾರ ಮಧ್ಯಾಹ್ನ ಅದನ್ನು ನಿಲ್ಲಿಸಿ ಉತ್ತರದ ಪ್ರತಿಯನ್ನು ತೆಗೆದುಹಾಕಲಾಗುವುದು, ಉಳಿದ ಮೂರು ಕ್ಯಾಂಪಸ್ಸುಗಳಿಗೆ ಅದನ್ನು ಹಾಕುವ ಯೋಚನೆಯನ್ನೂ ಕೈಬಿಡಲಾಗಿದೆ ಎಂದು ಬರೆದಿದ್ದರು. ಗುರುವಾರ ಸ್ವತಃ ಬರುತ್ತಾರಂತೆ.

ನನ್ನ ಮೈ ಉರಿದುಹೋಯಿತು. ಕ್ಯಾಂಪಸ್ಸಿನ ಫೋನ್ ಕರೆಗಳನ್ನು ಜೋಡಿಸುವ ಸ್ವಿಚ್‌ಬೋರ್ಡಿನ ಸೈಮಾ ನಿಯೆಮೆಲಾಗೆ ಹೇಳಿ ಆ ನಿಮಿಷವೇ ಗೆರಿಟ್‌ಗೆ ಫೋನ್ ಹಾಕಿಸಿದೆ. ನಿಮ್ಮ ಲೆಕ್ಕ ತಪ್ಪಿರಬೇಕು, ಇಲ್ಲವೇ ಲೈನಿನದೇನಾದರೂ ಇರಬೇಕು ಎಂದೆ.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ,” ಎಂದರು ಗೆರಿಟ್, ಸಮಾಧಾನವಾಗಿ. “ಗುರುವಾರದೊಳಗೆ ಕಾರಣ ತೋರಿಸಿ, ಕಾರಿನಾ. ಆಗ ನೋಡೋಣ.”

ಮಂಗಳವಾರ ತಿರಸ್ಕಾರದ ಫೈಲು ತೆರೆದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಮೂರು ತಿಂಗಳಲ್ಲಿ ಅದನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ. ಖಾಲಿಯೇ ಇರುತ್ತದೆ ಎಂಬ ಸೊಕ್ಕು. ಎಂಬತ್ತೆಂಟು ಬದಲಾವಣೆಗಳು ಕೂತಿದ್ದವು. ಬಹುಪಾಲಿಗೆ ಒಂದೇ ಕಾರಣ: ಈ ಹಳೆಯ ನಂಬರ್ ತೆಗೆದು ಹೊಸದು ಹಾಕು ಎನ್ನುತ್ತಿದ್ದೀಯ, ತೆಗೆಯಬೇಕಾದ ಹಳೆಯ ನಂಬರೇ ನನ್ನಲ್ಲಿ ಇಲ್ಲ. ಇನ್ನುಳಿದ ಐವತ್ತೈದು ಹೆಸರುಗಳ ಬಗ್ಗೆ ದಕ್ಷಿಣದಿಂದ ಯಾವ ಬದಲಾವಣೆಯೂ ಬಂದಿರಲೇ ಇಲ್ಲ. ಆದರೂ ನಮ್ಮ ಪ್ರತಿಯಲ್ಲಿ ಅವು ಬದಲಾಗಿದ್ದವು.

ಅಂದರೆ ಯಾರೋ ನಮ್ಮ ಪ್ರತಿಯಲ್ಲೇ ಕೈಯಾರೆ ತಿದ್ದಿದ್ದರು. ಅದು ಆಗದ ಮಾತು. ನಮ್ಮ ಪ್ರತಿ ಕೇಳುವುದು ಒಬ್ಬರ ಮಾತನ್ನು ಮಾತ್ರ, ಅದು ಡೀಮನ್‌ನದು. ಬೇರೆ ಯಾರು ತಿದ್ದಲು ಹೋದರೂ ಮೂಲದ ಸರ್ವರ್‌ಗೆ ಹೋಗಿ ಎಂದು ಬಾಗಿಲು ಹಾಕುತ್ತದೆ. ಸರ್ವರ್‌ನ ದಿನಚರಿ, ಯಾರು ಯಾವಾಗ ಏನು ತಿದ್ದಿದರೆಂಬ ದಾಖಲೆ, ತೆಗೆದು ನೋಡಿದೆ. ತಿದ್ದಿದ್ದು ಡೀಮನ್ ಹೆಸರಿನಲ್ಲೇ. ಮೊದಲ ಸಲ ನವೆಂಬರ್ ಹದಿನಾಲ್ಕು, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ. ಅವತ್ತು ಲೈನ್ ಸತ್ತು ಮೂರನೇ ದಿನ. ಡೀಮನ್ ಓಡುವುದು ದಕ್ಷಿಣದಲ್ಲಿ, ಲೈನ್ ಇಲ್ಲದೆ ನಾನೂರು ಮೈಲಿ ದಾಟಿ ಬರಲು ಅದಕ್ಕೇನು ರೆಕ್ಕೆ ಇದೆಯೇ? ಯಾವ ಯಂತ್ರದಿಂದ ಬಂದಿದೆ ಎಂದು ಹುಡುಕಿದೆ. ಸ್ವಿಚ್‌ಬೋರ್ಡ್ ಕೋಣೆಯದು.

ಆಗ ನೆನಪಾಯಿತು. ನವೆಂಬರಿನ ಆ ಬಿರುಗಾಳಿಯಲ್ಲಿ ಹೊಸ ಡಾಕ್ಟರ ನಂಬರ್ ಡೈರೆಕ್ಟರಿಯಲ್ಲಿ ತಪ್ಪಿದೆ, ಈಗಲೇ ಸರಿಮಾಡಬೇಕು ಎಂದು ಸೈಮಾ ನನ್ನನ್ನು ಹಿಡಿದಿದ್ದರು. ನಾನು ಕೋಟು ಹಾಕಿಕೊಂಡು, ಹಿಮ ಎತ್ತುವ ಸಲಿಕೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಇದೊಂದು ಸಲ ಮಾತ್ರ ಎಂದು ಡೀಮನ್‌ನ ಗುಪ್ತಪದವನ್ನು ಅವರಿಗೆ ಹೇಳಿ ಹೊರಟುಹೋಗಿದ್ದೆ. ಆಮೇಲೆ ಅದನ್ನು ಬದಲಾಯಿಸಲೂ ಇಲ್ಲ.

ಸೈಮಾ ಎಂದರೆ ಯಾರು ಎಂದು ಹೇಳಬೇಕು. ಇಪ್ಪತ್ತೊಂಬತ್ತು ವರ್ಷದಿಂದ ನಮ್ಮ ಕ್ಯಾಂಪಸ್ಸಿನ ಆಪರೇಟರ್. ಮೊದಲು ಮೂವರಿದ್ದರು, ಯಂತ್ರವೇ ಕರೆ ತೆಗೆದುಕೊಳ್ಳಲು ಕಲಿತ ಮೇಲೆ ಅವರೊಬ್ಬರು ಉಳಿದರು. ಪಿಂಚಣಿಗೆ ಇನ್ನೆರಡು ವರ್ಷವಿತ್ತು. ಕಿವಿ ಚುರುಕು, ನಾಲಗೆ ಅದಕ್ಕಿಂತ ಚುರುಕು. ಅವರದೊಂದು ಪದ್ಧತಿ ಇತ್ತು: ಯಾವ ನಂಬರ್ ಬರೆಯುವ ಮೊದಲೂ ಅದಕ್ಕೆ ಫೋನ್ ಮಾಡಿ, ಆ ಮನುಷ್ಯನ ದನಿ ಕೇಳಿ, ಆಮೇಲೆ ಬರೆಯುವುದು. ತಿದ್ದುಪಡಿ ಇದ್ದರೆ ನಿಯಮದ ಪ್ರಕಾರ ಕಾಗದದ ಫಾರಂ ತುಂಬಿ ದಕ್ಷಿಣಕ್ಕೆ ಅಂಚೆಯಲ್ಲಿ ಹಾಕಬೇಕು. ಅಲ್ಲಿ ಯಾರಿಗೋ ಬಿಡುವಾದಾಗ ಟೈಪ್ ಮಾಡುತ್ತಾರೆ.

ಬುಧವಾರ ಬೆಳಿಗ್ಗೆ ಅವರ ಕೋಣೆಗೆ ಹೋದೆ. ಕಾಫಿ ಬಗ್ಗಿಸಿ, ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡಿನ ಎರಡು ಹೋಳು ಮುಂದಿಟ್ಟರು. ನಾನು ಮುಟ್ಟಲಿಲ್ಲ. ನೀವು ಡೀಮನ್ ಹೆಸರಿನಲ್ಲಿ ಒಳಗೆ ಹೋಗಿ ತಿದ್ದುತ್ತಿದ್ದೀರಾ ಎಂದು ನೇರವಾಗಿ ಕೇಳಿದೆ.

“ಹೌದು,” ಎಂದರು, ಸಕ್ಕರೆ ಕಲಸುತ್ತಲೇ. “ನೀನೇ ಅಲ್ವಾ ಹೇಳ್ಕೊಟ್ಟಿದ್ದು.”

“ಒಂದು ಸಲ ಅಂದಿದ್ದೆ, ಸೈಮಾ.”

“ಒಂದು ತಪ್ಪನ್ನ ಸರಿಮಾಡಿದ ಮೇಲೆ ಪಕ್ಕದ ತಪ್ಪನ್ನ ನೋಡ್ಕೊಂಡು ಸುಮ್ನೆ ಹೆಂಗೆ ಕೂರ್ಲಿ? ಫಾರಂ ಕಳಿಸಿ ಹನ್ನೊಂದು ವಾರ ಆಗಿತ್ತು. ಅವರಿಗೆ ಬಿಡುವಾಗೋದು ಯಾವಾಗ, ನಾನು ಮಣ್ಣಿಗೆ ಹೋದ್ಮೇಲಾ?”

ನನ್ನ ಸಿಟ್ಟು ನೆತ್ತಿಗೇರಿತು. ಅವರು ತಿದ್ದಿದ್ದರಿಂದ ಏನಾಗಿದೆ ಎಂದು ಬಿಡಿಸಿ ಹೇಳಿದೆ. ಅವರು ಮೊದಲೇ ಹಳೆಯ ನಂಬರ್ ಅಳಿಸಿರುತ್ತಾರೆ. ಆಮೇಲೆ ದಕ್ಷಿಣದಿಂದ ಹಳೆಯದು ತೆಗೆದು ಹೊಸದು ಹಾಕು ಎಂಬ ಬದಲಾವಣೆ ಬರುತ್ತದೆ. ತೆಗೆಯಲು ಹಳೆಯದು ಇಲ್ಲವಲ್ಲ, ಪ್ರತಿ ಇಡೀ ಬದಲಾವಣೆಯನ್ನೇ ತಳ್ಳಿಬಿಡುತ್ತದೆ. ಅದರ ಜೊತೆ ಬಂದ ಕೋಣೆ, ಹುದ್ದೆ ಎಲ್ಲವೂ ಹೊರಗೆ. ಈಗ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ನನ್ನ ಡೀಮನ್‌ನ ಕತ್ತು ಹಿಸುಕಲು ಶುಕ್ರವಾರ ಮುಹೂರ್ತ ಇಟ್ಟಿದ್ದಾರೆ ಎಂದೆ.

ಸೈಮಾ ಚಮಚ ಕೆಳಗಿಟ್ಟರು. ಇದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮುಖ ನೋಡಿದರೇ ತಿಳಿಯುತ್ತಿತ್ತು. ಸರಿ ಮಾಡುತ್ತಿದ್ದೇನೆ ಎಂದುಕೊಂಡು ಮೂರು ತಿಂಗಳು ದುಡಿದಿದ್ದರು. ನಾನು ಬ್ರೆಡ್ಡು ಅಲ್ಲೇ ಬಿಟ್ಟು ಎದ್ದು ಬಂದೆ.

ನನ್ನ ಕೋಣೆಗೆ ಬಂದು ಕೂತ ಮೇಲೆ ಲೆಕ್ಕ ಹಾಕಿದೆ. ಕಾರಣ ಸಿಕ್ಕಿದೆ. ದಿನಚರಿಯ ನಾಲ್ಕು ಹಾಳೆ ಗೆರಿಟ್ ಮುಂದಿಟ್ಟರೆ ಡೀಮನ್ ಉಳಿಯುತ್ತದೆ. ಆದರೆ ಇನ್ನೊಬ್ಬರ ಗುಪ್ತಪದದಲ್ಲಿ ಸರ್ವರ್ ಒಳಗೆ ಹೋದರೆ ಕೆಲಸದಿಂದ ತೆಗೆಯುವುದು ವಿಶ್ವವಿದ್ಯಾಲಯದ ನಿಯಮ. ಇಪ್ಪತ್ತೊಂಬತ್ತು ವರ್ಷ ದುಡಿದ ಹೆಂಗಸು, ಗುಪ್ತಪದ ಕೊಟ್ಟವಳು ನಾನು. ಹಾಳೆಗಳನ್ನು ಮುದ್ರಿಸಿದೆ, ಮಡಚಿ ಮೇಜಿನ ಖಾನೆಯೊಳಗೆ ಹಾಕಿದೆ. ನನ್ನ ಪ್ರೋಗ್ರಾಮಿನಲ್ಲೇ ದೋಷವಿತ್ತು ಎಂದು ಹೇಳಿಬಿಡುವುದು ಎಂದು ತೀರ್ಮಾನಿಸಿದೆ. ಆ ತೀರ್ಮಾನ ನನಗೆ ಒಂದಿಷ್ಟೂ ಹಿಡಿಸಲಿಲ್ಲ, ಸುಳ್ಳೇಕೆ ಹೇಳಲಿ.

ಹಿಂದಿನ ದಿನವೇ ಹೊರಟಿದ್ದ ಗೆರಿಟ್ ಗುರುವಾರ ಹತ್ತು ಗಂಟೆಗೆ ಬಂದರು. ಕಾಸಿಗೆ ಕಾಸು ಎಣಿಸುವ ಡಚ್ಚರ ಪೈಕಿ; ಕಚೇರಿಗೆ ಖರ್ಚಾಗದಿರಲೆಂದು ಸ್ವಂತ ಕಾರಿನಲ್ಲಿ, ಮನೆಯ ಬುತ್ತಿ ಕಟ್ಟಿಕೊಂಡು, ಅಡ್ಡಪಟ್ಟಿ ಇಟ್ಟು ಗೆರೆ ಎಳೆದಂತೆ ನೆಟ್ಟಗೆ ಬಾಚಿದ ತಲೆಯೊಂದಿಗೆ. ನಮ್ಮ ಸರ್ವರ್ ಇದ್ದದ್ದು ಸ್ವಿಚ್‌ಬೋರ್ಡ್ ಕೋಣೆಯ ಮೂಲೆಯಲ್ಲಿ, ಹಾಗಾಗಿ ಮಾತುಕತೆಯೂ ಅಲ್ಲೇ ಆಯಿತು. ಸೈಮಾ ಕಿವಿಯ ಹೆಡ್‌ಸೆಟ್ ತೆಗೆಯದೆ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ನಾವು ಹಿಂದಿನ ದಿನದಿಂದ ಒಂದು ಮಾತೂ ಆಡಿರಲಿಲ್ಲ.

ಕಾರಣ ಸಿಕ್ಕಿತೇ ಎಂದು ಗೆರಿಟ್ ಕೇಳಿದರು. ನಾನು ಸರ್ವರ್ ಕಡೆ ಕೈ ತೋರಿಸಿದೆ. ಸಿಕ್ಕಿದೆ, ನಾನು ಬರೆದದ್ದರಲ್ಲೇ ಒಂದು ತಪ್ಪಿದೆ, ಬದಲಾವಣೆಗಳ ಕ್ರಮ ಕೆಲವೊಮ್ಮೆ—

“ಸಾಕು ಸುಮ್ನಿರು,” ಎಂದರು ಸೈಮಾ. ಕಿವಿಯದನ್ನು ತೆಗೆದು ಮೇಜಿನ ಮೇಲಿಟ್ಟರು. “ನಿನ್ನ ಕೆಲಸಕ್ಕೆ ನೀನೇ ಮಸಿ ಬಳ್ಕೋಬೇಡ. ಡೋರ್ನ್‌ಬೋಸ್ ಅವರೇ, ಅದರದ್ದೇನೂ ತಪ್ಪಿಲ್ಲ. ಅದರ ಹೆಸರು ಹೇಳ್ಕೊಂಡು ಒಳಗೆ ಹೋಗಿ ನಂಬರ್ ತಿದ್ದಿದ್ದು ನಾನು. ಇವಳು ಒಂದು ಸಲಕ್ಕೆ ಅಂತ ಕೊಟ್ಟಿದ್ಲು, ನಾನು ಮೂರು ತಿಂಗಳು ಮಾಡಿದೆ.”

ಗೆರಿಟ್ ನನ್ನ ಕಡೆ ನೋಡಿದರು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಹೋಗಿ ಖಾನೆಯಲ್ಲಿದ್ದ ಹಾಳೆಗಳನ್ನೂ ತಿರಸ್ಕಾರದ ಫೈಲನ್ನೂ ತಂದು ಅವರ ಮುಂದಿಟ್ಟೆ. ಗುಪ್ತಪದ ಕೊಟ್ಟದ್ದು ನಾನೇ, ನಿಯಮದ ಪ್ರಕಾರ ಮೊದಲು ಹೋಗಬೇಕಾದವಳು ನಾನು ಎಂದೂ ಹೇಳಿದೆ. ಅವರು ಕಾಲು ಗಂಟೆ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಆಮೇಲೆ, ಇವರು ತಿದ್ದಿದ್ದೇ ಸರಿ ಎಂದು ಯಾರು ಹೇಳಿದರು, ಮೂಲದಲ್ಲಿರುವುದು ಮೂಲ ಎಂದರು.

“ಫೋನ್ ಇಲ್ಲೇ ಇದೆಯಲ್ಲ,” ಎಂದರು ಸೈಮಾ. “ಎರಡೂ ನಂಬರಿಗೆ ಮಾಡಿ ನೋಡಿ. ನೀವೇ ಆರಿಸಿ.”

ಗೆರಿಟ್ ನಂಬರ್ ತಾಳೆಯಾಗದವರ ಪಟ್ಟಿಯಲ್ಲಿ ಕಣ್ಣುಮುಚ್ಚಿ ಬೆರಳಿಟ್ಟು ಆರು ಹೆಸರು ಆರಿಸಿದರು. ಸೈಮಾ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಒಂದೊಂದಕ್ಕೂ ಎರಡೆರಡು ಸಲ ಫೋನ್ ಮಾಡಿದರು. ಮೊದಲು ಮೂಲದಲ್ಲಿದ್ದದ್ದು, ಆಮೇಲೆ ತಮ್ಮದು. ಮೂಲದ ನಂಬರುಗಳಲ್ಲಿ ಎರಡು ಯಾರೂ ಎತ್ತದೆ ಬಡಿದುಕೊಂಡವು, ಒಂದನ್ನು ಯಾವುದೋ ಉಗ್ರಾಣದ ಕಾವಲುಗಾರ ಎತ್ತಿದ, ಎರಡು ಚಾಲ್ತಿಯಲ್ಲೇ ಇರಲಿಲ್ಲ. ಸೈಮಾರ ನಂಬರುಗಳಲ್ಲಿ ಆಯಾ ಮನುಷ್ಯರೇ ಸಿಕ್ಕರು. ಆರನೆಯದರಲ್ಲಿ ಮಾತ್ರ ಸೈಮಾ ಸೋತರು. ಭೂವಿಜ್ಞಾನದ ಒಬ್ಬ ಅಧ್ಯಾಪಕರು ಎಂದೋ ಹಳೆಯ ಕೋಣೆಗೇ ವಾಪಸಾಗಿದ್ದರು, ಮೂಲದಲ್ಲಿದ್ದದ್ದೇ ಸರಿ. ಸೈಮಾ ಕಾಗದದ ಮೇಲೆ ಅದನ್ನು ಬರೆದುಕೊಂಡು, ಇದು ನನ್ನ ತಪ್ಪು ಎಂದರು.

ಗೆರಿಟ್ ಇನ್ನೂ ಒಪ್ಪಿದಂತೆ ಕಾಣಲಿಲ್ಲ. ಆರರಿಂದ ನೂರ ನಲವತ್ತಮೂರನ್ನು ಅಳೆಯಲಾಗುವುದಿಲ್ಲ ಎಂದು ಗೊಣಗಿದರು.

“ಹಾಗಾದ್ರೆ ಏಳನೇದು ನಾನು ಆರಿಸ್ತೀನಿ,” ಎಂದು ಸೈಮಾ ಪಟ್ಟಿಯ ನಡುವೆ ಪೆನ್ಸಿಲ್ ಊರಿದರು. “ಇದು. ಗೆರಿಟ್ ಡೋರ್ನ್‌ಬೋಸ್.”

ಅವರು ಏನೋ ಹೇಳುವುದರೊಳಗೆ ಸೈಮಾ ಮೂಲದಲ್ಲಿದ್ದ ನಂಬರ್ ತಿರುಗಿಸಿಯಾಗಿತ್ತು. ಆ ಕಡೆ ಬಾಲ್ದಿಯ ಸದ್ದು, ಹಿಂದೆಯೇ ಒಂದು ಹಸುವಿನ ಕೂಗು. ಹಾಲಿನ ಕೊಟ್ಟಿಗೆ ಎಂದ ಒಬ್ಬ. ಡೋರ್ನ್‌ಬೋಸ್ ಇದ್ದಾರೆಯೇ ಎಂದು ಸೈಮಾ ಮೆತ್ತಗೆ ಕೇಳಿದರು.

“ಅಯ್ಯೋ, ನೀವೂನಾ?” ಎಂದ ಅವನು. “ಆಗಸ್ಟಿಂದ ದಿನಕ್ಕೆ ಹತ್ತು ಜನ ಕೇಳ್ತಾರೆ. ಇಲ್ಲಿ ಇರೋದು ಅರವತ್ತು ಹಸು, ನಾನು. ಆ ಮಹಾನುಭಾವ ಸಿಕ್ಕಿದ್ರೆ ಹೇಳಿ, ಅವರ ಮೀಟಿಂಗೆಲ್ಲ ಈ ಹಸುಗಳೇ ಮಾಡ್ತಾ ಇವೆ ಅಂತ.”

ಸೈಮಾ ಥ್ಯಾಂಕ್ಸ್ ಹೇಳಿ ಇಟ್ಟು, ನಮ್ಮ ಪ್ರತಿಯಲ್ಲಿದ್ದ ನಂಬರ್ ತಿರುಗಿಸಿದರು. ಗೆರಿಟ್‌ರ ಕಾರ್ಯದರ್ಶಿ ಎತ್ತಿ, ಡೋರ್ನ್‌ಬೋಸ್ ಅವರ ಕಚೇರಿ, ಅವರು ಉತ್ತರಕ್ಕೆ ಹೋಗಿದ್ದಾರೆ ಎಂದಳು.

ಗೆರಿಟ್ ಪಟ್ಟಿಯಲ್ಲಿ ತಮ್ಮ ಹೆಸರಿನ ಸಾಲನ್ನು ಮತ್ತೊಮ್ಮೆ ಓದಿದರು. ಅವರ ಕಿವಿ ಕೆಂಪಾಗಿತ್ತು. ನಾನು ನಗು ತಡೆಯಲು ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದೆ.

“ಆಗಸ್ಟಲ್ಲಿ ಮೂರನೇ ಮಹಡಿಗೆ ಹೋದ್ವಿ,” ಎಂದರು ಕೊನೆಗೆ. “ಅವತ್ತಿಂದ ಫೋನ್ ಕಮ್ಮಿ ಆಯ್ತು. ಎಲ್ಲ ಸರಿಯಾಗಿ ನಡೀತಿದೆ, ಅದಕ್ಕೇ ದೂರು ಇಲ್ಲ ಅಂದ್ಕೊಂಡಿದ್ದೆ, ಮಿಸೆಸ್ ನಿಯೆಮೆಲಾ.”

“ನಿಮ್ಮ ಫಾರಂನೂ ಕಳಿಸಿದ್ದೆ,” ಎಂದರು ಸೈಮಾ. “ನಿಮ್ಮ ಕಚೇರಿಗೇ.”

ಅದಾದ ಮೇಲೆ ಗೆರಿಟ್ ಬುತ್ತಿ ಬಿಚ್ಚಿದರು. ಸೈಮಾ ಅವರಿಗೂ ಕಾಫಿ ಬಗ್ಗಿಸಿದರು. ಬ್ರೆಡ್ಡಿನ ಎರಡು ಹೋಳು ನನ್ನ ಕಡೆಗೂ ತಳ್ಳಿದರು, ಈ ಸಲ ನಾನು ತಿಂದೆ. ತಿನ್ನುತ್ತಲೇ ಗೆರಿಟ್ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: ಹಾಗಾದರೆ ಡೀಮನ್ ಎಷ್ಟು ಬದಲಾವಣೆ ಕಳೆದಿದೆ?

“ಒಂದೂ ಇಲ್ಲ,” ಎಂದೆ. “ಮೂರು ತಿಂಗಳಲ್ಲಿ ಹನ್ನೊಂದು ಸಾವಿರ ಚಿಲ್ಲರೆ ತಂದಿದೆ. ಒಪ್ಪದೇ ಇರೋ ಎಂಬತ್ತೆಂಟನ್ನ ಜೋಪಾನ ಮಾಡಿ ಇಟ್ಕೊಂಡಿದೆ. ಲೆಕ್ಕಕ್ಕೆ ಸಿಗದೇ ಇರೋದು ಒಂದೂ ಇಲ್ಲ.”

ಇದನ್ನು ಹೇಳುವಾಗ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಸ್ವೆಟರಿನ ಗುಂಡಿ ಹಾರಿದ್ದರೂ ಆಶ್ಚರ್ಯವಿರಲಿಲ್ಲ. ಅವರು ತಲೆಯಾಡಿಸಿದರು. ಶುಕ್ರವಾರ ಡೀಮನ್ ನಿಲ್ಲುವುದಿಲ್ಲ, ಈ ತಿಂಗಳಲ್ಲೇ ಇನ್ನುಳಿದ ಮೂರು ಕ್ಯಾಂಪಸ್ಸಿಗೂ ಹಾಕಿ ಎಂದರು. ಗುಪ್ತಪದದ ವಿಷಯ ಈ ಕೋಣೆಯಲ್ಲೇ ಇರಲಿ, ಆದರೆ ಅದನ್ನು ಈಗಲೇ ನನ್ನ ಕಣ್ಣೆದುರೇ ಬದಲಾಯಿಸಿ ಎಂದರು. ಬದಲಾಯಿಸಿದೆ.

ಆಗ ನಾನು ಬಾಯಿ ಮುಚ್ಚಿಕೊಂಡಿದ್ದರೆ ನಡೆಯುತ್ತಿತ್ತು. ಆದರೆ ಹೆಮ್ಮೆಯ ಕೆಲಸದಲ್ಲಿ ಹುಳುಕು ಉಳಿಸಿಕೊಳ್ಳುವವಳಲ್ಲ ನಾನು. ಇಲ್ಲ, ಹೀಗೇ ಹಾಕಲಾಗುವುದಿಲ್ಲ, ಅದರಲ್ಲಿ ಒಂದು ಕೊರತೆ ಇದೆ ಎಂದೆ. ಸೈಮಾ ನನ್ನನ್ನು ಕಣ್ಣಲ್ಲೇ ಗದರಿದರು; ಮತ್ತೆ ಸುಳ್ಳು ಶುರುಮಾಡಿದೆನೆಂದು ಅವರ ಎಣಿಕೆ. ಸುಳ್ಳಾಗಿರಲಿಲ್ಲ. ಡೀಮನ್ ತಿರಸ್ಕಾರವನ್ನು ಬರೆದಿಡುತ್ತದೆ, ಯಾರಿಗೂ ಹೇಳುವುದಿಲ್ಲ. ಮೊದಲನೆಯದು ಬಿದ್ದ ದಿನವೇ ಯಾರಾದರೂ ಮನುಷ್ಯರ ಕಿವಿಗೆ ಅದು ಬಿದ್ದಿದ್ದರೆ ಎಂಬತ್ತೆಂಟು ಆಗುತ್ತಲೇ ಇರಲಿಲ್ಲ. ಒಂದೊಂದು ತಿರಸ್ಕಾರವೂ ಆಗಿಂದಾಗಲೇ ಒಬ್ಬರಿಗೆ ಪತ್ರವಾಗಿ ಹೋಗುವಂತೆ ಮಾಡುತ್ತೇನೆ, ಒಂದು ವಾರ ಕೊಡಿ ಎಂದೆ.

“ಯಾರಿಗೆ ಹೋಗ್ಬೇಕು?” ಎಂದು ಗೆರಿಟ್ ಕೇಳಿದರು. “ನಮ್ಮಲ್ಲಿ ಓದೋಕೆ ಯಾರಿಗೂ ಬಿಡುವಿಲ್ಲ.”

ಅವರು ಪ್ರಶ್ನೆ ಮುಗಿಸುವ ಮೊದಲೇ ಸೈಮಾ ಕಡೆ ತಿರುಗಿದ್ದರು. ಸೈಮಾ ತಮಗೆ ಬೇಕಾದ್ದನ್ನು ಒಂದೇ ಮಾತಿನಲ್ಲಿ ಕೇಳಿದರು: ಮೂಲದಲ್ಲೇ ತಿದ್ದುವ ಹಕ್ಕು, ತಮ್ಮದೇ ಹೆಸರಿನಲ್ಲಿ. ಇಲ್ಲವಾದರೆ ಪತ್ರ ಓದಿ ಏನು ಮಾಡಲಿ, ಚೌಕಟ್ಟು ಹಾಕಿಸಲೇ? ಗೆರಿಟ್ ಅಲ್ಲಿಂದಲೇ ದಕ್ಷಿಣಕ್ಕೆ ಫೋನ್ ಮಾಡಿ ಆ ಹಕ್ಕು ಕೊಡಿಸಿದರು.

ಸೈಮಾ ಕೀಲಿಮಣೆ ಎಳೆದುಕೊಂಡು ದಕ್ಷಿಣದ ಮೂಲಕ್ಕೆ ತಮ್ಮ ಹೆಸರಿನಲ್ಲಿ ಹೋದರು. ಮೊದಲು ಭೂವಿಜ್ಞಾನದ ಅಧ್ಯಾಪಕರ ಹೆಸರು ತೆಗೆದರು, ತಾವು ತಪ್ಪಿದ್ದು. ಮೂಲದಲ್ಲಿ ನಂಬರ್ ಸರಿಯಾಗಿಯೇ ಇತ್ತು. ಅದನ್ನೇ ಮತ್ತೊಮ್ಮೆ, ಹಳೆಯದು ಏನೇ ಇದ್ದರೂ ಇದನ್ನೇ ಇಡು ಎಂಬ ಆಜ್ಞೆಯೊಂದಿಗೆ, ಬರೆದು ಒತ್ತಿದರು, ನಮ್ಮ ಪ್ರತಿಯಲ್ಲಿ ತಾವು ಹಾಕಿದ್ದು ಹೋಗಿ ಅದು ಬಂದು ಕೂರಲಿ ಎಂದು. ನಾನು ಪ್ರತಿಯ ಮುಂದೆ ನಿಂತಿದ್ದೆ. ನಾನೂರು ಮೈಲಿ ಕೆಳಗೆ ಹೋದ ಸಾಲನ್ನು ಡೀಮನ್ ಓದಿ, ಹೊತ್ತು, ಮತ್ತೆ ನಾನೂರು ಮೈಲಿ ಮೇಲೆ ತಂದು ಅದೇ ಕೋಣೆಯಲ್ಲಿ ಇಳಿಸಿತು. ಗೆರಿಟ್ ಗಡಿಯಾರ ನೋಡುತ್ತಿದ್ದರು. ಒಂಬತ್ತು ಸೆಕೆಂಡು ಎಂದರು. ನನಗೆ ಕಣ್ಣು ತುಂಬಿ ಬಂತು, ಯಾರಿಗೂ ತೋರಿಸಲಿಲ್ಲ.

ಈಗ ಐದು ಕ್ಯಾಂಪಸ್ಸಿನಲ್ಲೂ ಅದು ಓಡುತ್ತಿದೆ. ಎಲ್ಲಿ ಏನು ತಿರಸ್ಕಾರವಾದರೂ ಪತ್ರ ಬರುವುದು ನಮ್ಮ ಸ್ವಿಚ್‌ಬೋರ್ಡ್ ಕೋಣೆಗೆ. ಸೈಮಾ ಅದನ್ನು ಓದಿ, ಆ ನಂಬರಿಗೆ ಫೋನ್ ಮಾಡಿ, ದನಿ ಕೇಳಿದ ಮೇಲೆ ಮೂಲದಲ್ಲಿ ಬರೆಯುತ್ತಾರೆ. ಪಿಂಚಣಿಯ ದಿನ ಬಂದು ಹೋಯಿತು, ಅವರು ಕುರ್ಚಿ ಬಿಡಲಿಲ್ಲ, ಬಿಡಿ ಎಂದು ಹೇಳುವ ಧೈರ್ಯವೂ ಯಾರಿಗೂ ಬರಲಿಲ್ಲ. ಮೊನ್ನೆ ದಕ್ಷಿಣದಿಂದ ಒಬ್ಬ ಡೀನ್ ಫೋನ್ ಮಾಡಿ, ಹೊಸ ಕೋಣೆಯಲ್ಲಿ ತನ್ನ ನಂಬರ್ ಯಾವುದು ಎಂದು ಕೇಳಿದ. ಸೇತುವೆ ಕೆಳಗಿನವನು ತನ್ನ ನಂಬರನ್ನು ನಮ್ಮವರ ಹತ್ತಿರ ಕೇಳುತ್ತಿದ್ದ. ಸೈಮಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, ಅವನಿಗೆ ಸ್ವಲ್ಪ ಕಾಯಲು ಹೇಳಿದರು.